ಢಾಕ್ ಗೊತ್ತು, ಮುತ್ತುಗ ಗೊತ್ತಿಲ್ಲ!

ವಸಂತ್ ಕುಂಜ್: ಊರಿನಲ್ಲಿ ಅಜ್ಜಿ ಮುತ್ತುಗದ ಎಲೆಗಳಿಗೆ ಕಡ್ಡಿ ಚುಚ್ಚಿ ಊಟದೆಲೆ ಮಾಡುತ್ತಿದ್ದುದನ್ನು ಕಂಡವರು ದೆಹಲಿ ಕನ್ನಡಿಗರಲ್ಲಿ ಇನ್ನೂ ಅನೇಕರಿದ್ದಾರೆ. ಅದೇ ಮರ ಮಾರ್ಚ್‌ನಲ್ಲಿ ಇಲ್ಲಿನ ಅರಾವಳಿ ಗುಡ್ಡಗಳಲ್ಲೂ ಕೆಂಡದಂತೆ ಅರಳುತ್ತದೆ. ನಮ್ಮ ಮಕ್ಕಳಿಗೆ ಮಾತ್ರ ಅದು ಹಿಂದಿ ಪಾಠದ 'ಢಾಕ್'. ಹೂವನ್ನು ಕಣ್ಣಾರೆ ಕಂಡವರಂತೂ ಇನ್ನೂ ಕಡಿಮೆ.

ಫ್ಲ್ಯಾಟು, ಶಾಲೆಯ ಬಸ್ಸು, ಟ್ಯೂಷನ್, ಮೊಬೈಲು. ಅಲ್ಲಿಗೆ ದಿನ ಮುಗಿಯಿತು. ತಂದೆ ತಾಯಂದಿರನ್ನೇ ದೂರುವಂತಿಲ್ಲ. ನವೆಂಬರ್ ಬಂದರೆ ಹೊಗೆ, ಮೇ-ಜೂನ್‌ನಲ್ಲಿ ಲೂ ಬಿಸಿಗಾಳಿ. ಹೊಗೆ ಕವಿದ ದಿನ ಮಗುವನ್ನು ಮನೆಯಲ್ಲಿರಿಸುವುದೇ ಸರಿ. ಆದರೆ ಫೆಬ್ರವರಿ-ಮಾರ್ಚ್‌ನ ಹಿತವಾದ ಬೆಳಗೂ, ಮಳೆ ನಿಂತ ಸಂಜೆಯೂ ಒಳಗೇ ಕಳೆದುಹೋಗುತ್ತಿವೆಯಲ್ಲ? 'ರಜೆಗೆ ಊರಿಗೆ ಹೋದಾಗ ನೋಡುತ್ತಾರೆ ಬಿಡಿ' ಎನ್ನುವವರುಂಟು. ಆ ರಜೆಯಲ್ಲಿ ಅರ್ಧ ಮದುವೆ-ಮುಂಜಿಗೇ ಸರಿಹೋಗುತ್ತದೆ.

ದೂರ ಹೋಗಬೇಕಾಗಿಯೂ ಇಲ್ಲ. ಪಕ್ಕದ ವಸಂತ್ ವಿಹಾರದ ಪೂರ್ವಿ ಮಾರ್ಗದಲ್ಲಿ ಅರಾವಳಿ ಜೀವವೈವಿಧ್ಯ ಉದ್ಯಾನವಿದೆ. ವಿಸ್ತಾರ ಸುಮಾರು 690 ಎಕರೆ. ಹಿಂದೆ ಇಲ್ಲಿ ಅಭ್ರಕದ ಗಣಿಗಾರಿಕೆ ನಡೆದು ನೆಲವೆಲ್ಲ ಹೊಂಡ ಬಿದ್ದಿತ್ತು. ಉಳಿದ ಜಾಗವನ್ನು ವಿಲಾಯತಿ ಕೀಕರ್, ಅಂದರೆ ನಮ್ಮ ಬಳ್ಳಾರಿ ಜಾಲಿ, ಆಕ್ರಮಿಸಿತ್ತು. ದೆಹಲಿ ಅಭಿವೃದ್ಧಿ ಪ್ರಾಧಿಕಾರದ ಜೊತೆ ಸೇರಿ ದೆಹಲಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಪ್ರೊ. ಸಿ.ಆರ್. ಬಾಬು ಅವರ ಮಾರ್ಗದರ್ಶನದಲ್ಲಿ ಅರಾವಳಿಯ ಮೂಲ ಗಿಡಮರಗಳನ್ನು ಮತ್ತೆ ಬೆಳೆಸಿದರು. ಜಾಲಿಯನ್ನು ಒಮ್ಮೆಗೇ ಕಡಿಯದೆ ಅದರ ಕೊಂಬೆಗಳನ್ನು ಸವರಿ, ಕೆಳಗಿನ ಸಸಿಗಳಿಗೆ ಬಿಸಿಲು ಸಿಗುವಂತೆ ಮಾಡಿದ್ದು ಅವರ ಉಪಾಯ. ಹಳೆಯ ಗಣಿ ಹೊಂಡಗಳ ತಂಪಿನಲ್ಲಿ ಈಗ ಆರ್ಕಿಡ್‌ಗಳಿವೆ. ಚಿಟ್ಟೆಗಳಿಗೆ ಪ್ರತ್ಯೇಕ ತಾಣವಿದೆ. ನವಿಲು, ನೀಲಗಾಯ್ ಕಾಣಸಿಗುತ್ತವೆ. ಕೆಟ್ಟ ನೆಲವೂ ಚಿಗುರುತ್ತದೆಂದು ಮಕ್ಕಳಿಗೆ ತೋರಿಸಲು ಇದಕ್ಕಿಂತ ಹತ್ತಿರದ ಜಾಗ ಸಿಗದು.

ವಸಂತ್ ಕುಂಜ್ ಬಳಿಯೇ ಸಂಜಯ್ ವನ, ನೀಲಾ ಹೌಜ್ ಕೂಡ ಇವೆ. 2010ರ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕಾಗಿ ನಡೆದ ರಸ್ತೆ ಕಾಮಗಾರಿಯಿಂದ ಸೊರಗಿದ್ದ ನೀಲಾ ಹೌಜ್ ಕೆರೆಗೆ ಆಮೇಲೆ ಮರುಜೀವ ಬಂತು. ಕೊಳಚೆ ನೀರನ್ನು ಕಲ್ಲು, ಜೊಂಡುಗಳ ನಡುವೆ ಹರಿಸಿ ಶುದ್ಧಗೊಳಿಸುವ ವಿಧಾನವನ್ನು ಅಲ್ಲಿ ನೋಡಬಹುದು.

ಹಣ ಕೊಟ್ಟು ಶಿಬಿರಕ್ಕೆ ಕಳಿಸುವುದಕ್ಕಿಂತ ಭಾನುವಾರ ಬೆಳಿಗ್ಗೆ ಅಪ್ಪ-ಅಮ್ಮನೇ ಜೊತೆಗೆ ನಡೆಯುವುದು ಮೇಲು. ಊರಿನಿಂದ ಅಜ್ಜ-ಅಜ್ಜಿ ಬಂದಿದ್ದರೆ ಅವರನ್ನೂ ಕರೆದೊಯ್ಯಿರಿ. ಅಮಲ್ತಾಸ್ ಎಂದರೆ ಕಕ್ಕೆ, ಸೇಮಲ್ ಎಂದರೆ ಬೂರುಗ, ಆಕ್ ಎಂದರೆ ಎಕ್ಕ, ಬೇರ್ ಎಂದರೆ ಬೋರೆ ಎಂದು ಹೇಳಿಕೊಡಲು ಪುಸ್ತಕ ಬೇಡ. ಮಕ್ಕಳಿಗೆ ಬೂಟು ಮಾತ್ರ ಹಾಕಿಸಿ. ಜಾಲಿಯ ಮುಳ್ಳು ಚಪ್ಪಲಿಯನ್ನೂ ದಾಟಿ ಬರುತ್ತದೆ.