ಪರಿತ್ಯಕ್ತೆಯ ಸೂರು: ಯೆರವಡಾದ ಒಂದು ನಿದರ್ಶನ

ಕನ್ನಡದಲ್ಲಿ ‘ಗಂಡ ಬಿಟ್ಟವಳು’ ಎಂಬ ಮಾತು ರೂಢಿಯಲ್ಲಿದೆ. ಬಿಟ್ಟವನು ಗಂಡನೋ, ಗಂಡನನ್ನು ಬಿಟ್ಟವಳು ಅವಳೋ ಎಂಬುದನ್ನು ಆ ಮಾತು ತಿಳಿಸುವುದಿಲ್ಲ, ಕೇಳುವವರೂ ವಿಚಾರಿಸುವುದಿಲ್ಲ. ಮರಾಠಿಯ ಆಡುಮಾತಾದ ‘ಟಾಕಲೇಲೀ’ ಇನ್ನೂ ನಿಷ್ಠುರವಾದುದು: ಬಿಸಾಡಲ್ಪಟ್ಟವಳು ಎಂದೇ ಅದರ ಅರ್ಥ. ಇಂತಹ ಸ್ತ್ರೀಯರು 1988ರಲ್ಲಿ ಸಂಗಮನೇರದಲ್ಲಿ ಪರಿಷತ್ತಾಗಿ ನೆರೆದಾಗ ‘ಪರಿತ್ಯಕ್ತಾ’ ಎಂಬ ಹೆಸರನ್ನು ಮುಂದಿಟ್ಟರು. ವಿಧವೆಗೆ ಸಮಾಜದಲ್ಲಿ ಒಂದು ಸ್ಥಾನವಿತ್ತು, ಅದೆಷ್ಟೇ ಕಠೋರವಾಗಿದ್ದರೂ. ಪರಿತ್ಯಕ್ತೆಗೆ ಅದೂ ಇರಲಿಲ್ಲ.

ಒಂಟಿಯಾದ ಸ್ತ್ರೀಗೆ ಪುಣೆ ನಗರವು ಮೊದಲು ಕೊಟ್ಟ ಉತ್ತರ ಆಶ್ರಮ. ಕಾರ್ಕಳದ ಬಳಿಯ ಮಾಳ ಗ್ರಾಮದ ಮನೆತನದಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿಯವರು, ವಿವಾಹವಾಗಿ ಎರಡು ವರ್ಷ ತುಂಬುವ ಮೊದಲೇ, 1882ರಲ್ಲಿ ಪತಿಯನ್ನು ಕಾಲರಾಕ್ಕೆ ಕಳೆದುಕೊಂಡು ಕೈಗೂಸಿನೊಡನೆ ಪುಣೆಗೆ ಬಂದರು. 1889ರಲ್ಲಿ ಅವರು ಮುಂಬಯಿಯಲ್ಲಿ ತೆರೆದ ಶಾರದಾ ಸದನವು ಮರುವರ್ಷ ಪುಣೆಗೆ ಸ್ಥಳಾಂತರಗೊಂಡಿತು. ಧೋಂಡೋ ಕೇಶವ ಕರ್ವೆಯವರ ಆಶ್ರಮ 1896ರಲ್ಲಿ ಆರಂಭವಾಯಿತು. ಇವು ಮಾಡಿದ ಉಪಕಾರ ಅಲ್ಪವಲ್ಲ. ಆದರೆ ಅಲ್ಲಿ ಅಕ್ಷರ ಪಡೆಯಬೇಕಾದರೆ ಸ್ತ್ರೀಯು ತನ್ನ ಮನೆಯನ್ನೂ ಕೇರಿಯನ್ನೂ ಬಿಟ್ಟು ಬರಬೇಕಾಗಿತ್ತು.

ಯೆರವಡಾ ಎಂದೊಡನೆ ಓದುಗರಿಗೆ ಸೆರೆಮನೆಯೂ 1932ರ ಒಪ್ಪಂದವೂ ನೆನಪಾಗುವುದು ಸಹಜ. ಆದರೆ ಅಲ್ಲಿ ಕೂಲಿಕಾರರ ದಟ್ಟವಾದ ಜೋಪಡಪಟ್ಟಿಗಳೂ ಉಂಟು. ಅವುಗಳಲ್ಲಿ ಒಂದರ ಹೆಸರು ವಡಾರ್ ವಸ್ತಿ. ಕಲ್ಲೊಡೆಯುವ ಒಡ್ಡರ ಹೆಸರೇ ಅದೆಂದು ಕನ್ನಡಿಗರಿಗೆ ಹೇಳಬೇಕಾಗಿಲ್ಲ. 2005ರಲ್ಲಿ ಜಾರಿಗೆ ಬಂದ ಜವಾಹರಲಾಲ್ ನೆಹರೂ ನಗರ ನವೀಕರಣ ಯೋಜನೆಯ ಅಡಿಯಲ್ಲಿ ಇಲ್ಲಿಯ ಹಲವು ವಸತಿಗಳಲ್ಲಿ ಕಚ್ಚಾ ಮನೆಗಳನ್ನು ಮಾತ್ರ ಕೆಡವಿ, ಅದೇ ನೆಲದ ಮೇಲೆ 270 ಚದರ ಅಡಿಯ ಪಕ್ಕಾ ಮನೆಗಳನ್ನು ಕಟ್ಟಲಾಯಿತು. ಗಟ್ಟಿಯಾಗಿದ್ದ ಮನೆಗಳನ್ನು ಮುಟ್ಟಲಿಲ್ಲ. ವೆಚ್ಚದ ಹತ್ತನೆಯ ಒಂದು ಪಾಲು ನಿವಾಸಿಗಳದು. ಈ ಕಾರ್ಯದಲ್ಲಿ ಕೈಜೋಡಿಸಿದ ‘ಮಹಿಳಾ ಮಿಲನ’ವು 1986ರಲ್ಲಿ ಮುಂಬಯಿಯ ಕಾಲುದಾರಿವಾಸಿ ಸ್ತ್ರೀಯರು ಕಟ್ಟಿದ ಸಂಘ, ದಿನಕ್ಕೆ ಕೆಲವೇ ರೂಪಾಯಿಗಳ ಉಳಿತಾಯ ಅದರ ಮೂಲ ಬಂಡವಾಳ.

ಕಚ್ಚಾ ಮನೆ ಕೆಡವಿ ಅದೇ ಸ್ಥಳದಲ್ಲಿ ಕಟ್ಟುವುದು ಇಂಜಿನಿಯರರಿಗೆ ತೊಡಕಿನ ಕೆಲಸ. ಬಯಲಿನಲ್ಲಿ ಹೊಸ ಕಟ್ಟಡ ಎಬ್ಬಿಸುವುದೇ ಅವರಿಗೆ ಸುಲಭ. ಆದರೆ ಒಂಟಿ ಸ್ತ್ರೀಯ ದೃಷ್ಟಿಯಿಂದ ನೋಡಿದರೆ ಲೆಕ್ಕವೇ ಬೇರೆ. ನಾಲ್ಕು ಮನೆಯ ಪಾತ್ರೆ ತಿಕ್ಕಿ ಬದುಕುವವಳಿಗೆ ಆ ನಾಲ್ಕು ಮನೆಗಳು ನಡೆದು ಹೋಗುವಷ್ಟು ದೂರದಲ್ಲಿರಬೇಕು. ಕೆಲಸಕ್ಕೆ ಹೋದಾಗ ಮಗುವನ್ನು ನೋಡಿಕೊಳ್ಳುವ ನೆರೆಯವಳು ಬದಲಾಗಬಾರದು. ಕಿರಾಣಿ ಅಂಗಡಿಯವನು ಕಡ ಕೊಡುವಷ್ಟು ಪರಿಚಿತನಾಗಿರಬೇಕು. ಗಂಡ ಹೋದ ಮರುದಿನ ಅವಳಿಗೆ ಉಳಿಯುವ ಆಸ್ತಿ ಇದೇ.

ನ್ಯಾಯಾಲಯದ ದಾರಿ ನಿಧಾನವಾದುದು. ದಂಡ ಪ್ರಕ್ರಿಯಾ ಸಂಹಿತೆಯ 125ನೆಯ ಕಲಮಿನಲ್ಲಿ ಜೀವನಾಂಶಕ್ಕೆ ತಿಂಗಳಿಗೆ 500 ರೂಪಾಯಿಯ ಮಿತಿ ಇತ್ತು. ಕೇಂದ್ರ ಸರಕಾರ ಅದನ್ನು ತೆಗೆದದ್ದು 2001ರಲ್ಲಿ. ಅರ್ಜಿ ಕೊಟ್ಟ ದಿನದಿಂದಲೇ ಜೀವನಾಂಶ ಸಲ್ಲಬೇಕೆಂದು ಸರ್ವೋಚ್ಚ ನ್ಯಾಯಾಲಯ ನಿರ್ಣಯಿಸಿದ್ದು 2020ರಲ್ಲಿ. 2005ರ ಕೌಟುಂಬಿಕ ಹಿಂಸೆಯ ಕಾಯಿದೆಯು ಹಿಂಸೆಗೊಳಗಾದ ಸ್ತ್ರೀಗೆ ಕೂಡಿಬಾಳಿದ ಮನೆಯಲ್ಲಿ ವಾಸಿಸುವ ಹಕ್ಕನ್ನು ಕೊಟ್ಟಿತು. ಆದರೆ ಮನೆ ಅತ್ತೆಯ ಸ್ವಂತದ್ದಾದರೆ ಆ ಹಕ್ಕು ಸಲ್ಲದೆಂದು 2006ರಲ್ಲಿ ತೀರ್ಪಾಯಿತು; ಆ ತೀರ್ಪನ್ನು ತಿದ್ದಲು ಹದಿನಾಲ್ಕು ವರ್ಷ ಹಿಡಿಯಿತು. ಇಷ್ಟಾದರೂ ಇದು ವಾಸದ ಹಕ್ಕು ಮಾತ್ರ, ಒಡೆತನವಲ್ಲ.

ಆದ್ದರಿಂದಲೇ ಕಾಗದದಲ್ಲಿ ಯಾರ ಹೆಸರಿದೆ ಎಂಬ ಪ್ರಶ್ನೆಗೆ ಇಷ್ಟು ಮಹತ್ವ. 2013ರ ಆಹಾರ ಭದ್ರತಾ ಕಾಯಿದೆಯಂತೆ ಪಡಿತರ ಚೀಟಿಯಲ್ಲಿ ಕುಟುಂಬದ ಹಿರಿಯ ಸ್ತ್ರೀಯೇ ಯಜಮಾನಿ. 2015ರ ಪ್ರಧಾನಮಂತ್ರಿ ಆವಾಸ ಯೋಜನೆಯು ಮನೆಯನ್ನು ಸ್ತ್ರೀಯ ಹೆಸರಿಗೆ ಇಲ್ಲವೆ ದಂಪತಿಗಳ ಜಂಟಿ ಹೆಸರಿಗೆ ಕೊಡಬೇಕೆಂದು ವಿಧಿಸಿತು. ಜಂಟಿ ಹೆಸರು ಪೂರ್ಣ ರಕ್ಷೆಯೇನೂ ಅಲ್ಲ: ಹೋದವನು ವರ್ಷಗಳ ಮೇಲೆ ಮರಳಿ ಬಂದು ಪಾಲು ಕೇಳಬಹುದು. ಆದರೆ ಅವಳ ರುಜುವಿಲ್ಲದೆ ಇಡೀ ಮನೆಯನ್ನು ಅವನು ಮಾರಲಾರ.