ಪುಟ್ಟ ಕೈಗಳ ಬ್ರಿಜಿಡ್ ಶಿಲುಬೆ

ಐರ್ಲೆಂಡಿನ ಹಬ್ಬ ಅಂದ್ರೆ ಮಾರ್ಚ್ 17ರ ಹಸಿರು ಟೋಪಿ ಅಷ್ಟೇ ಅಂದ್ಕೊಂಡ್ರಾ? ಮನೇಲಿ ಪುಟ್ಟ ಮಕ್ಕಳಿದ್ರೆ ನನ್ನ ಓಟು ಫೆಬ್ರವರಿ 1ರ ಸೇಂಟ್ ಬ್ರಿಜಿಡ್ ದಿನಕ್ಕೆ.

ಅಲ್ಲಿಯವರ ಹಳೇ ಲೆಕ್ಕದಲ್ಲಿ ವಸಂತ ಶುರುವಾಗೋದೇ ಅವತ್ತು. ಬ್ರಿಜಿಡ್ ಶಿಲುಬೆ ಹೆಣೆಯೋಕೆ ಹಿಂದಿನ ದಿನ ಜೌಗು ನೆಲದಿಂದ ಜೊಂಡು ತರ್ತಾರೆ. ಸಂಪ್ರದಾಯದ ಪ್ರಕಾರ ಕೊಯ್ಯೋ ಹಾಗಿಲ್ಲ, ಕೈಯಲ್ಲೇ ಕೀಳಬೇಕು. ಮಕ್ಕಳಿಗೆ ಇನ್ನೇನು ಬೇಕು ಹೇಳಿ!

ಈಗ ನೋಡಿ. ಒಂದು ಕಡ್ಡಿ ನೆಟ್ಟಗೆ ಹಿಡೀರಿ. ಇನ್ನೊಂದನ್ನ ಮಧ್ಯಕ್ಕೆ ಮಡಚಿ, ಮೊದಲನೇದರ ಸುತ್ತ ಸಿಕ್ಕಿಸಿ. ಕಾಲು ಸುತ್ತು ತಿರುಗಿಸಿ. ಮತ್ತೊಂದು ಮಡಚಿ ಸಿಕ್ಕಿಸಿ, ಮತ್ತೆ ತಿರುಗಿಸಿ. ನಡುವೆ ಚೌಕ ಮೂಡುತ್ತೆ. ನಾಲ್ಕೂ ತುದಿಗೆ ದಾರ ಕಟ್ಟಿದ್ರೆ ಶಿಲುಬೆ ರೆಡಿ. ಸೊಟ್ಟಗಿದ್ರೂ ಪರವಾಗಿಲ್ಲ. ಮನೆಗೆ ಬೆಂಕಿ ತಗಲದಿರಲಿ ಅಂತ ಬಾಗಿಲ ಮೇಲೆ ಇಡ್ತಾರೆ.

2023ರಿಂದ ಈ ಹಬ್ಬಕ್ಕೆ ಸಾರ್ವಜನಿಕ ರಜೆ. ಹೆಣ್ಣೊಬ್ಬಳ ಹೆಸರಲ್ಲಿ ಐರ್ಲೆಂಡ್ ಕೊಟ್ಟ ಮೊದಲ ರಜೆ ಇದು.