ಎಕ್ಕದ ಹಾಲು, ಹುಳುವಿನ ಹಲ್ಲು

ಕೆರೆ ಏರಿಯ ಎಕ್ಕದ ಪೊದೆಯನ್ನು ಕಡುಬೇಸಿಗೆಯಲ್ಲೂ ದನಗಳು ಮೂಸಿ ಮುಂದೆ ಹೋಗುತ್ತವೆ. ಎಲೆ ಮುರಿದರೆ ಸಾಕು, ಬಿಳಿ ಹಾಲು ಜಿನುಗುತ್ತದೆ. ಕಾಲಿಗೆ ಮುಳ್ಳು ಮುರಿದುಕೊಂಡರೆ ಹಳ್ಳಿಯಲ್ಲಿ ಹಚ್ಚುವುದು ಇದೇ ಹಾಲನ್ನು. ಕಣ್ಣಿಗೆ ತಾಗಿಸಬೇಡ ಎಂದು ಹಿರಿಯರು ಗದರುವುದೂ ಇದಕ್ಕೇ. ಹಾಲಿನಲ್ಲಿರುವ ಕ್ಯಾಲೊಟ್ರೋಪಿನ್‌ನಂಥ ಕಾರ್ಡೆನೊಲೈಡುಗಳು ಪ್ರಾಣಿಗಳ ಜೀವಕೋಶದ ಸೋಡಿಯಂ–ಪೊಟ್ಯಾಸಿಯಂ ಪಂಪಿಗೆ ಅಂಟಿಕೊಂಡು ಅದನ್ನು ನಿಲ್ಲಿಸುತ್ತವೆ. ಪಂಪು ನಿಂತರೆ ನರವೂ ಹೃದಯವೂ ಹದ ತಪ್ಪುತ್ತವೆ.

ಬಿಸಿಲೇರುವ ಹೊತ್ತಿಗೆ ಪ್ಲೇನ್ ಟೈಗರ್ ಚಿಟ್ಟೆ ಬಂದು, ಹೊಟ್ಟೆ ಬಗ್ಗಿಸಿ ಎಲೆಯ ಅಡಿಗೆ ಒಂದೇ ಮೊಟ್ಟೆಯಿಟ್ಟು ಹಾರಿತು. ಪಕ್ಕದ ಕೊಂಬೆಯಲ್ಲಿ ಅದರದೇ ಬಲಿತ ಹುಳು. ಮೈತುಂಬ ಕಪ್ಪು, ಬಿಳಿ, ಹಳದಿ ಪಟ್ಟೆ. ಬೆನ್ನ ಮೇಲೆ ಮೂರು ಜೊತೆ ಕರಿ ಎಳೆ. ಅದಕ್ಕೆ ತಿನ್ನುವ ಅವಸರವಿಲ್ಲ. ಎಲೆಯ ಬುಡಕ್ಕೆ ಹೋಗಿ ನಡುನರವನ್ನು ಕಚ್ಚಿತು. ಹಾಲು ಉಕ್ಕಿತು. ತಲೆ ಹಿಂದೆಳೆದು, ಬಾಯನ್ನು ಎಲೆಗೆ ಒರೆಸಿ, ಮತ್ತೆ ಅದೇ ಗಾಯಕ್ಕೆ ಬಾಯಿಟ್ಟಿತು. ಕೊನೆಗೆ ಎಲೆ ಜೋತುಬಿತ್ತು. ತೂಬು ಮುಚ್ಚಿದರೆ ಕೆಳಗಿನ ಗದ್ದೆ ಒಣಗುವ ಹಾಗೆ, ಗಾಯದಿಂದಾಚೆಗೆ ಹಾಲಿನ ಹರಿವು ಕುಗ್ಗಿತು. ಹುಳು ತುದಿಯತ್ತ ನಡೆದು ಅಂಚಿನಿಂದ ಮೇಯತೊಡಗಿತು. ಆಗತಾನೆ ಹುಟ್ಟಿದ ಮರಿಗೆ ನಡುನರ ಕಡಿಯುವ ಬಲವೆಲ್ಲಿ? ಅದು ಎಲೆಯ ಮೇಲೆ ಸಣ್ಣ ಸುತ್ತು ಕೊರೆದು ಅದರೊಳಗಷ್ಟೇ ತಿನ್ನುತ್ತದೆ.

ಈ ಹುಳುವಿನ ಪಂಪಿನಲ್ಲಿ ವಿಷ ಕೂರುವ ಜಾಗದ ಅಮೈನೊ ಆಮ್ಲಗಳೇ ಬದಲಾಗಿವೆ. ವಿಷ ಅಲ್ಲಿ ಸರಿಯಾಗಿ ಕೂರದು. ಆದರೂ ಹುಳು ಹಾಲಿಗೆ ಅಂಜುತ್ತದೆ, ಏಕೆಂದರೆ ಹಾಲಿನ ಅಂಟಿಗೆ ಮೈಯಲ್ಲಿ ಮದ್ದಿಲ್ಲ. ಇದರ ಹತ್ತಿರದ ಬಳಗವಾದ ಅಮೆರಿಕದ ಮೊನಾರ್ಕ್ ಚಿಟ್ಟೆಯ ಎಳೆಮರಿಗಳು ಹಾಲುಗಿಡಗಳ ಅಂಟಿಗೆ ಸಿಕ್ಕಿ ಸಾಯುವುದುಂಟು. ವಿಷಕ್ಕೆ ಮೈ, ಅಂಟಿಗೆ ಹಲ್ಲು: ಎರಡೂ ಬೇಕು. 2019ರಲ್ಲಿ ವಿಜ್ಞಾನಿಗಳು ಮೊನಾರ್ಕ್ ಪಂಪಿನ ಮೂರು ಬದಲಾವಣೆಗಳನ್ನು ಹಣ್ಣುನೊಣದ ಜೀನಿನಲ್ಲಿ ತಿದ್ದಿ ಕೂರಿಸಿದರು. ವಿಷ ಬೆರೆಸಿದ ಆಹಾರ ತಿಂದೂ ಆ ನೊಣಗಳು ಬದುಕಿದವು. ಲಕ್ಷಾಂತರ ವರ್ಷಗಳ ತಿದ್ದುಪಡಿಯ ತಿರುಳು ಮೂರೇ ಜಾಗಗಳಲ್ಲಿ ಅಡಗಿತ್ತೆಂಬುದು ನನಗೆ ಇಂದಿಗೂ ಬೆರಗು.

ಚಿಗುರಿಗೆ ಮುತ್ತಿದ ಹಳದಿ ಸಸ್ಯಹೇನುಗಳ ಕೆಲಸ ಇನ್ನೂ ನಾಜೂಕು. ಸೂಜಿಮೂತಿಯನ್ನು ಜೀವಕೋಶಗಳ ನಡುವೆ ತೂರಿಸಿ, ಹಾಲು ಉಕ್ಕದಂತೆ ಸಕ್ಕರೆರಸದ ನಾಳವನ್ನೇ ಮುಟ್ಟುತ್ತವೆ. ರಸದಲ್ಲೂ ಬಂದ ವಿಷವನ್ನು ಮೈಯಲ್ಲೇ ಕೂಡಿಟ್ಟುಕೊಳ್ಳುತ್ತವೆ. ಅಂಗಳದ ಕಣಗಿಲೆಯ ಚಿಗುರಿನಲ್ಲಿ ಕಾಣುವುದೂ ಇದೇ ಹೇನು. ಆ ಗಿಡದ ವಿಷವೂ ಕಾರ್ಡೆನೊಲೈಡೇ.